ಮಹಾಪೂರ ಮತ್ತು ನಮ್ಮ ಸಲಕರಣೆಗಳು

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಇತಿಹಾಸ ಬರೆದುಕೊಡಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಹೊಲ ಬಿಟ್ಟರೆ ನಮಗೆ ಗೊತ್ತಿರುವುದು ಸಂಘದ ಗೋದಾಮು ಮತ್ತು ಅದರ ಹಿಂದಿನ ಶೆಡ್ಡು, ಅಷ್ಟೇ. ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕ ಪ್ರತಿವರ್ಷದ ವರದಿಯಲ್ಲಿ ಅಚ್ಚಾಗಿ ತಮ್ಮ ಕೈ ಸೇರಿದೆ. ಅದನ್ನೇ ತಿರುಗಿ ಬರೆದರೆ ಯಾರೂ ಓದುವುದಿಲ್ಲ, ನಾವೂ ಓದುವುದಿಲ್ಲ. ಆದ್ದರಿಂದ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದ ಗೆರೆಯ ಬಗ್ಗೆ ಬರೆಯೋಣ ಎಂದುಕೊಂಡೆವು. ಅದು ನೆಲದಿಂದ ಎರಡೂಕಾಲು ಅಡಿ ಮೇಲಿದೆ. 2019ರ ಆಗಸ್ಟಿನಲ್ಲಿ ನೀರು ನಿಂತ ಗುರುತು ಅದು. ಹೊಸ ಹುಡುಗರು ಅದನ್ನು ಬಣ್ಣದವನ ತಪ್ಪು ಅಂದುಕೊಂಡಿದ್ದಾರೆ.

ಬೆಂಗೇರಿಗೆ ಹೊಳಿ ಇಲ್ಲ. ಇದು ನಮ್ಮೂರಿನವರು ಹೆಮ್ಮೆಯಿಂದ ಹೇಳುತ್ತಿದ್ದ ಮಾತು. ಹೊಳೆಸಾಲಿನವರ ಪಾಡು ನೋಡಿ ಮರುಗಿ, ಅಕ್ಕಿ ಜೋಳ ಕೂಡಿಸಿ ಕಳಿಸಿ, ನಮಗಿದು ಬರುವುದಲ್ಲ ಅಂತ ಸಮಾಧಾನ ಪಟ್ಟುಕೊಂಡವರು ನಾವು. ಆದರೆ ನೀರಿಗೆ ದಾರಿ ಬೇಕಾದರೆ ಹೊಳಿಯೇ ಆಗಬೇಕೆಂದಿಲ್ಲ. ಹುಬ್ಬಳ್ಳಿ ಸೀಮೆಯ ಮಳೆನೀರು ಉಣಕಲ್ಲ ನಾಲಾದಂಥ ನಾಲಾಗಳನ್ನು ಹಿಡಿದು ಕೊನೆಗೆ ಬೆಣ್ಣಿಹಳ್ಳಕ್ಕೆ ಹೋಗುತ್ತದೆ. ಬೆಣ್ಣಿಹಳ್ಳ ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆಭೂಮಿ ದಾಟಿ, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಕೂಡುತ್ತದೆ. ಬ್ಯಾಸಿಗ್ಯಾಗ ಇದರಲ್ಲಿ ಎಮ್ಮಿ ಮೈತೊಳೆಯಲಿಕ್ಕೆ ನೀರಿರುವುದಿಲ್ಲ. ಮಳೆ ಹಿಡಿದರೆ ಎರಡೂ ದಂಡೆಯ ಬೆಳೆ ಕೊಚ್ಚಿ, ಯಮನೂರಿನ ಹತ್ತಿರ ನೋಡಿದವರಿಗೆ ಸಮುದ್ರದಂತೆ ಕಾಣುತ್ತದೆ.

ಇನ್ನು ನಮ್ಮ ಎರೆಮಣ್ಣಿನ ಗುಣ ತಮಗೆಲ್ಲ ಗೊತ್ತಿದ್ದದ್ದೇ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಒಂದು ಹನಿ ಒಳಗೆ ಬಿಡುವುದಿಲ್ಲ. ನೀರು ಮೇಲೆಯೇ ನಿಂತು ತಗ್ಗು ಹುಡುಕುತ್ತದೆ. ಮೊದಲು ಆ ತಗ್ಗು ಊರ ಹೊರಗಿತ್ತು. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ಆದ ಮೇಲೆ ಶಹರ ಬೆಳೆಯುತ್ತ ಬಂದು, ಹೊಲ ಪ್ಲಾಟಾಗಿ, ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ ಮನೆಯ ಹೊಸ್ತಿಲೇ ತಗ್ಗಾಯಿತು. ಹೀಗೆ ತಗ್ಗು ನಮ್ಮ ಬಾಗಿಲಿಗೆ ಬಂತು.

ನಮ್ಮ ಹಿರಿಯರು ಇದನ್ನು ತಿಳಿಯದವರಲ್ಲ. ಜೋಳದ ಹಗೇವು ತೆಗೆಯುವಾಗ ಊರಲ್ಲಿ ಎತ್ತರದ ಜಾಗ ನೋಡಿಯೇ ತೆಗೆಯುತ್ತಿದ್ದರು. ನೆಲದೊಳಗೆ ಕಾಳಿಡುವವನಿಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ವರ್ಷದ ಅನ್ನವೇ ಹೋಯಿತು. ಸಲಕರಣೆಗಳಿಗಂತೂ ಜಾಗ ಮೇಲೆಯೇ. ನಮ್ಮ ಅಜ್ಜ ಬಿತ್ತಿಗೆ ಮುಗಿದ ದಿನವೇ ಕೂರಿಗೆಯನ್ನು ತೊಳೆದು, ಒಣಗಿಸಿ, ಮರಕ್ಕೆ ಬೇವಿನೆಣ್ಣೆ ಸವರಿ, ಪಡಸಾಲೆಯ ತೊಲೆಗೆ ಹಗ್ಗದಿಂದ ತೂಗುಹಾಕುತ್ತಿದ್ದ. ಕುಂಟೆಯ ಕುಡಕ್ಕೆ ಎಣ್ಣೆ ಹಚ್ಚಿ ಅಟ್ಟದ ಮೇಲೆ. ಕುಡಗೋಲು, ಸಲಿಕೆ ಗೋಡೆಯ ಗೂಟಕ್ಕೆ. ನೆಲದ ಮೇಲೆ ಏನಾದರೂ ಬಿಟ್ಟರೆ "ಕಬ್ಬಿಣಕ್ಕ ನೆಲದ ಥಂಡಿ ಬಡಿದ್ರ ಅದಕ್ಕೂ ವಾಯು ಹಿಡೀತೈತಿ" ಅಂತ ಬಯ್ಯುತ್ತಿದ್ದ. ನಾವು ನಗುತ್ತಿದ್ದೆವು.

ಬಡಿಗೇರರ ಬಾಚಿ, ಉಳಿ, ಗರಗಸ ಒಂದು ಚೀಲದಲ್ಲಿ ಹೆಗಲೇರುತ್ತಿದ್ದವು. ಕಮ್ಮಾರರ ಅಡಿಗಲ್ಲು ನೀರಲ್ಲಿ ಮುಳುಗಿದರೂ ಅದಕ್ಕೇನೂ ಆಗುತ್ತಿರಲಿಲ್ಲ, ತಿದಿ ಒಂದು ಒಣಗಿದ್ದರೆ ಸಾಕು. ಮಳೆಗಾಲ ತೀರುವ ಹೊತ್ತಿಗೆ ಮಹಾನವಮಿ, ಖಂಡೇಪೂಜೆ. ಅಟ್ಟದಿಂದ ಎಲ್ಲ ಇಳಿಸಿ, ತುಕ್ಕು ಉಜ್ಜಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಪೂಜೆ ಮಾಡುತ್ತಾರೆ. ಇದು ದೇವರ ಕಾರ್ಯ ಹೌದು. ಜೊತೆಗೆ ವರ್ಷಕ್ಕೊಮ್ಮೆಯ ತಪಾಸಣೆಯೂ ಹೌದು ಎಂಬುದು ನಮಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ.

ಇಷ್ಟಕ್ಕೂ ಆ ಕಾಲದ ಸಲಕರಣೆ ಉಳಿದದ್ದು ಅದು ಹಗುರಿದ್ದುದರಿಂದ. ಇಬ್ಬರು ಹಿಡಿದರೆ ಎದ್ದು ಬರುತ್ತಿತ್ತು. ನಮ್ಮೂರಿಗೆ ಹೆಸರು ತಂದ ಖಾದಿ ಕಸಬಿನಲ್ಲಿಯೂ ಹಾಗೇ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ 1ರಂದು, ರಾಜ್ಯ ಒಂದಾಗಿ ಸರಿಯಾಗಿ ಒಂದು ವರ್ಷಕ್ಕೆ. ಬಾಗಲಕೋಟೆ ಕಡೆ ನೂತು ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಕಂಡು, ಚಕ್ರ ಅಚ್ಚಾಗಿ, ಹೊಲಿಗೆಯಾಗಿ ರಾಷ್ಟ್ರಧ್ವಜವಾಗುತ್ತದೆ. ಈ ಮಾತು ಪರವೂರಿನವರಿಗೆ ಹೇಳುವಾಗ ನಮ್ಮ ದನಿ ಸ್ವಲ್ಪ ಏರುತ್ತದೆ, ಇರಲಿ. ಗಾಂಧೀಜಿಯವರ ಕಾಲದ ಪೆಟ್ಟಿಗೆ ಚರಕವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಮಾಳಿಗೆ ಏರಬಹುದು. 1950ರ ದಶಕದಲ್ಲಿ ತಮಿಳುನಾಡಿನ ಏಕಾಂಬರನಾಥನ್ ಎಂಬವರು ಮಾಡಿದ, ಅವರ ಹೆಸರಿನಿಂದಲೇ ಕರೆಸಿಕೊಂಡ ಅಂಬರ ಚರಕ ಬಂತು. ನೂಲು ಹೆಚ್ಚು ಬಂತು, ಕದಿರು ಹೆಚ್ಚಾದವು, ಕಬ್ಬಿಣವೂ ಹೆಚ್ಚಾಯಿತು. ಅದನ್ನು ಎತ್ತಬೇಕಾದರೆ ಇನ್ನೊಬ್ಬರನ್ನು ಕೂಗಬೇಕು.

ಹಗುರದ ನಿಯಮ ನಡೆಯದ ಒಂದು ಕಸಬೆಂದರೆ ನೇಕಾರಿಕೆ. ಕುಣಿಮಗ್ಗ ನೋಡಿದವರಿಗೆ ಗೊತ್ತು. ನೇಕಾರ ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ತಗ್ಗಿನೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಆ ತಗ್ಗಿನ ತಂಪಿನಿಂದ ನೂಲು ಹರಿಯುವುದು ಕಡಿಮೆ, ಅದಕ್ಕಾಗಿಯೇ ಮಣ್ಣುನೆಲದಲ್ಲಿ ಕುಣಿ ತೋಡಿದ್ದು. ಕಸಬಿಗೆ ಅನುಕೂಲವಾದ ಆ ಕುಣಿಗೇ ಮಹಾಪೂರದ ನೀರು ಮೊದಲು ಬರುತ್ತದೆ. ಮನೆಯ ಹೊಸ್ತಿಲು ದಾಟಿದ ನೀರು ಅಂಗಳದಲ್ಲಿ ಗೇಣು ಇದ್ದರೆ ಕುಣಿಯಲ್ಲಿ ಎದೆಮಟ್ಟ. ಹೂಡಿದ ಹಾಸನ್ನು ಬಿಚ್ಚಿ ಎತ್ತುವುದು ಒಂದು ಗಳಿಗೆಯ ಕೆಲಸವಲ್ಲ. ಎತ್ತಿದರೂ ಎಳೆ ಎಳೆ ಗೊಂದಲ. ಮಗ್ಗದ ಮೇಲಿನ ಜಕಾರ್ಡು ಎತ್ತರದಲ್ಲಿದ್ದರೂ ಅದರ ರಟ್ಟಿನ ಕಾರ್ಡು ಥಂಡಿಗೆ ಉಬ್ಬಿ ತೂತು ತಪ್ಪುತ್ತವೆ.

ಹುಬ್ಬಳ್ಳಿಗೆ ದೊಡ್ಡ ಯಂತ್ರಗಳು ಬಂದದ್ದು ರೇಲ್ವೆಯ ಜೊತೆ, 1880ರ ದಶಕದಲ್ಲಿ. ಸದರ್ನ್ ಮರಾಠಾ ರೇಲ್ವೆಯ ವರ್ಕ್‌ಶಾಪು ಆಯಿತು, ಹತ್ತಿ ಜಿನ್ನಿಂಗ್ ಕಾರಖಾನೆಗಳಾದವು. ಅವರದು ಕಲ್ಲಿನ ಕಟ್ಟೆ, ಎತ್ತರದ ಅಡಿಪಾಯ, ದೊಡ್ಡ ಬಂಡವಾಳದ ವ್ಯವಹಾರ. ನಮ್ಮಂಥವರ ಮನೆಗೆ ಯಂತ್ರ ಬಂದದ್ದು ಬಹಳ ತಡವಾಗಿ, ಕರೆಂಟಿನ ಮೋಟರಿನ ರೂಪದಲ್ಲಿ. ಬಾವಿಯ ಪಂಪು, ಹಿಟ್ಟಿನ ಗಿರಣಿ, ವೆಲ್ಡಿಂಗ್ ಮಷೀನು ಬಂದವು. ಬಂದದ್ದೆಲ್ಲ ನೆಲಕ್ಕೆ ಬೋಲ್ಟಾಗಿ ಕೂತಿತು. ಅಟ್ಟಕ್ಕೆ ಏರಿಸುವ ಮಾತೇ ಇಲ್ಲ. ಅಟ್ಟ ಹೋದ ಮೇಲೆ ಅದರ ಬದಲಿಗೆ ನೆಲವನ್ನೇ ಏರಿಸಬೇಕು ಎಂಬ ಬುದ್ಧಿ ಮಾತ್ರ ಯಂತ್ರದ ಜೊತೆ ಬರಲಿಲ್ಲ.

2009ರ ಮಹಾಪೂರ ನಮಗೆ ಮೊದಲ ಎಚ್ಚರಿಕೆ ಆಗಬೇಕಿತ್ತು. ಆ ವರ್ಷ ವಿಜಯದಶಮಿ ಸೆಪ್ಟೆಂಬರ 28ಕ್ಕೆ. ಖಂಡೇಪೂಜೆ ಮಾಡಿ ಎಲ್ಲರ ಮನೆಯ ಸಲಕರಣೆ ಅಟ್ಟದಿಂದ ಇಳಿದು ಒರೆಸಿ ಹೊಳೆಯುತ್ತಿದ್ದವು. ಮಳೆಗಾಲ ಮುಗಿಯಿತು ಅಂತ ಜನ ಬನ್ನಿ ಹಂಚಿ ಮಲಗಿದರು. ಮರುದಿನದಿಂದ ಉತ್ತರ ಕರ್ನಾಟಕದ ಮೇಲೆ ಮಳೆ ಹಿಡಿಯಿತು ನೋಡಿರಿ, ಗಾಂಧಿ ಜಯಂತಿಯ ಹೊತ್ತಿಗೆ ಮಲಪ್ರಭೆ, ಬೆಣ್ಣಿಹಳ್ಳ, ಕೃಷ್ಣೆ, ತುಂಗಭದ್ರೆ ಎಲ್ಲ ದಂಡೆ ಮೀರಿದ್ದವು. ಆ ಸಲ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಕಡೆಗೆ ನಾವು ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿದ್ದೆವು. ಅಲ್ಲೊಬ್ಬ ಬಡಿಗೇರ ಅಜ್ಜಾರು ಕೆಸರಿನೊಳಗೆ ಕೈಯಾಡಿಸುತ್ತ ಕುಳಿತಿದ್ದರು. ಏನ್ ಹುಡುಕ್ತೀರಿ ಅಜ್ಜಾರ ಅಂತ ಕೇಳಿದೆವು. "ಮನಿ ಸರಕಾರ ಕಟ್ಟಿಸಿ ಕೊಡತೈತಿ ತಮ್ಮಾ. ನಮ್ಮಪ್ಪನ ಉಳಿ ಯಾರ್ ಕೊಡ್ತಾರ?" ಅಂದರು. ಮೂರು ಉಳಿಯಲ್ಲಿ ಒಂದು ಸಿಕ್ಕಿತ್ತು, ಹಿಡಿ ಇರಲಿಲ್ಲ. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಊರಿಗೆ ಬಂದು ಮರೆತೆವು.

2012ರಲ್ಲಿ ನಮ್ಮ ಸಂಘ ಶೆಡ್ಡು ಕಟ್ಟಿಸಿತು. ಇದರ ಹಿಂದೆಯೂ ಸ್ವಲ್ಪ ಇತಿಹಾಸವಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗಿನದು 1904ರ ಕಾನೂನು, ಅದರಲ್ಲಿ ಪತ್ತಿನ ಸಂಘಕ್ಕೆ ಮಾತ್ರ ಜಾಗವಿತ್ತು. 1912ರ ಕಾನೂನು ಬಂದ ಮೇಲೆ ಬೇರೆ ಬೇರೆ ಉದ್ದೇಶದ ಸಂಘಗಳಿಗೂ ದಾರಿ ಆಯಿತು. ಸಾಲ ಕೊಟ್ಟರೆ ಸಾಲದು, ಸಲಕರಣೆಯೂ ಕೂಡಿ ಕೊಳ್ಳಬೇಕೆಂಬುದು ಹಳೆಯ ವಿಚಾರ ಎಂದು ಹೇಳಲಿಕ್ಕೆ ಇಷ್ಟು ಬರೆದೆವು. ನಮ್ಮ ಶೆಡ್ಡಿನಲ್ಲಿ ರಾಶಿಯಂತ್ರ, ಪವರ್ ಟಿಲ್ಲರು, ಸ್ಪ್ರೇಯರುಗಳು, ರಿಪೇರಿಗೆ ವೆಲ್ಡಿಂಗ್, ಡ್ರಿಲ್ಲಿಂಗ್, ಗ್ರೈಂಡಿಂಗ್ ಮಷೀನುಗಳು, ಮಹಿಳಾ ಸದಸ್ಯರ ಹೊಲಿಗೆ ಯಂತ್ರಗಳು ಇದ್ದವು. ಜಾಗ ಸೋವಿ ಸಿಕ್ಕಿತ್ತು. ಯಾಕೆ ಸೋವಿ ಅಂತ ಯಾರೂ ಕೇಳಲಿಲ್ಲ. ಹಳೇ ಮಂದಿಯೊಬ್ಬರು "ಅದು ಎಮ್ಮಿ ಬೀಳೋ ತಗ್ಗರೀ" ಅಂದದ್ದನ್ನು ಠರಾವಿನಲ್ಲಿ ಬರೆಯಲಿಲ್ಲ.

ವಿಮೆಯ ಮಾತು ಬಂದಾಗ ಇನ್ನೊಂದು ತಪ್ಪು ಮಾಡಿದೆವು. ಆಗಿನ ಬೆಂಕಿ ವಿಮೆಯ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು ಇವುಗಳ ಹಾನಿಯೂ ಸೇರಿಯೇ ಇರುತ್ತಿತ್ತು. ಅದು ಬೇಡವೆಂದು ಬರೆದುಕೊಟ್ಟರೆ ಕಂತು ಸ್ವಲ್ಪ ಕಡಿಮೆ. ಸಭೆಯಲ್ಲಿ "ಬೆಂಗೇರಿಗೆ ಹೊಳಿ ಎಲ್ಲೈತ್ರಿ?" ಅಂತ ಕೇಳಿದವರು ನಾವೇ. ಎಲ್ಲರೂ ನಕ್ಕರು. ಬೇಡವೆಂದು ಬರೆದುಕೊಟ್ಟೆವು. ಉಳಿದ ರೊಕ್ಕದಲ್ಲಿ ಆ ವರ್ಷ ಆಡಳಿತ ಮಂಡಳಿಗೆ ಚಹಾದ ಖರ್ಚು ತೂಗಿರಬಹುದು.

2019ರ ಆಗಸ್ಟಿನ ಮೊದಲ ವಾರ ಮಲೆನಾಡಿನಿಂದ ಹಿಡಿದು ಬೆಳಗಾವಿ, ಧಾರವಾಡದವರೆಗೆ ಎಡಬಿಡದ ಮಳೆ. ನವಿಲುತೀರ್ಥದ ಆಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗ, ಸುರೇಬಾನ, ಹಂಪಿಹೊಳಿ, ಕೊಣ್ಣೂರಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ಬಂತು. ಅತ್ತ ಘಟಪ್ರಭೆ ಗೋಕಾಕ ಪೇಟೆಯೊಳಗೆ ಹೊಕ್ಕಿತು. ರಾಮದುರ್ಗ, ಸುರೇಬಾನ ಎಂದರೆ ನೇಕಾರರ ಊರು. ಮಗ್ಗದ ಕುಣಿಗಳಲ್ಲಿ ಕೆಸರು ತುಂಬಿತು, ವಿದ್ಯುತ್ ಮಗ್ಗಗಳ ಮೋಟರು ನೀರು ಕುಡಿದವು. ಇತ್ತ ಹುಬ್ಬಳ್ಳಿಯಲ್ಲಿ ಉಣಕಲ್ಲ ಕೆರೆ ಕೋಡಿ ಬಿದ್ದು ನಾಲಾ ಬದಿಯ ಮನೆಗಳಿಗೆ ನೀರು. ನಮ್ಮ ಶೆಡ್ಡಿಗೆ ಅದು ಬಂದದ್ದು ರಾತ್ರಿ. ಮುಂಜಾನೆ ಬಾಗಿಲು ತೆಗೆದಾಗ ಒಳಗೆ ಹೊಲಿಗೆ ಯಂತ್ರಗಳ ತಲೆ ಮಾತ್ರ ಕಾಣುತ್ತಿತ್ತು.

ಎರಡನೇ ದಿನ ನೀರು ಇಳಿಯಿತು. ಆಗ ನಾವು ಮಾಡಿದ್ದನ್ನು ಬರೆಯಲಿಕ್ಕೆ ನಾಚಿಕೆ ಆಗುತ್ತದೆ. ಆದರೂ ಬೇರೆಯವರು ಮಾಡಬಾರದೆಂದು ಬರೆಯುತ್ತೇವೆ. ಮೇಲೆ ಮೇಲೆ ಒರೆಸಿ, ಕೆಟ್ಟಿದೆಯೋ ಇಲ್ಲವೋ ನೋಡೋಣವೆಂದು ಡ್ರಿಲ್ಲಿಂಗ್ ಮಷೀನಿನ ಬಟನ್ ಒತ್ತಿದೆವು. ಟಪ್ ಅಂದಿತು, ಸುಟ್ಟ ವಾಸನೆ ಬಂತು, ಮೋಟರಿನ ಸುರುಳಿ ಹೋಯಿತು. ಅಷ್ಟರಲ್ಲಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಮಿಸ್ತ್ರಿಯವರು ಬಂದರು. "ಅಣ್ಣಾರ, ನೀರು ಮಷೀನ್ ಕೆಡಿಸೂದಿಲ್ರಿ, ಅವಸರ ಕೆಡಿಸತೈತಿ" ಅಂದರು. ಮುಂದಿನ ಹದಿನೈದು ದಿನ ಅವರು ಹೇಳಿದ ಹಾಗೆ ನಡೆದೆವು.

ಮೊದಲು ಮೇನ್ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡರು, ಯಾರೂ ಅಪ್ಪಿತಪ್ಪಿ ಹಾಕಬಾರದೆಂದು. ಆಮೇಲೆ ಒಣಗಿಸುವ ಬದಲು ತೊಳೆಯಿರಿ ಅಂದರು. ನಮಗೆ ಆಶ್ಚರ್ಯ, ಈಗಾಗಲೇ ನೀರಲ್ಲಿ ಮುಳುಗಿದ್ದನ್ನು ಮತ್ತೆ ತೊಳೆಯುವುದೇ? ಆದರೆ ಎರೆಕೆಸರು ಒಣಗಿದರೆ ಸಿಮೆಂಟು. ಹಸಿ ಇರುವಾಗಲೇ ಚೊಕ್ಕ ನೀರಿನಿಂದ ತೊಳೆದರೆ ಸಂದಿಯಿಂದ ಹೊರಬರುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಗಾಳಿ ಹೊಡೆದು, ಬರೀ ಕಬ್ಬಿಣದ ಭಾಗಗಳಿಗೆ ಅದೇ ದಿನ ಎಣ್ಣೆ ಹಚ್ಚಿಸಿದರು. ಒಂದು ರಾತ್ರಿ ಬಿಟ್ಟರೆ ಸಾಕು, ಉಜ್ಜಿದ ಕಬ್ಬಿಣ ಅರಿಷಿಣ ಹಚ್ಚಿದಂತೆ ಆಗುತ್ತದೆ. ಬೇರಿಂಗುಗಳನ್ನು ಬಿಚ್ಚಿ ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು ಹೊಸ ಗ್ರೀಸು ತುಂಬಿದೆವು. ಮಳ್ಳು ಹಿಡಿದವರಂತೆ ಹೊರಗಿನಿಂದಲೇ ಗ್ರೀಸು ತುರುಕಿದ್ದ ಒಂದು ಬೇರಿಂಗು ಎರಡು ತಿಂಗಳಲ್ಲಿ ಕೂಗತೊಡಗಿತು. ಟಿಲ್ಲರಿನ ಎಂಜಿನ್ನನ್ನು ತಿರುಗಿಸಗೊಡಲಿಲ್ಲ. ತಳದ ನಟ್ಟು ತೆಗೆದಾಗ ಎಣ್ಣೆ ಹಾಲಿನ ಚಹಾದ ಬಣ್ಣದಲ್ಲಿ ಬಂತು, ಅಂದರೆ ನೀರು ಬೆರೆತಿದೆ. ಎರಡು ಸಲ ಎಣ್ಣೆ ಬದಲಿಸಿ, ಏರ್ ಫಿಲ್ಟರು, ಡೀಸೆಲ್ ಟ್ಯಾಂಕು ಸ್ವಚ್ಛ ಮಾಡಿ ಆಮೇಲೆ ಚಾಲೂ ಮಾಡಿದರು.

ಮೋಟರುಗಳದು ಎಲ್ಲಕ್ಕಿಂತ ತಾಳ್ಮೆಯ ಕೆಲಸ. ಮುಚ್ಚಳ ಬಿಚ್ಚಿ, ಒಂದು ಹಳೆಯ ಬೀರುವಿನಲ್ಲಿ ಬಲ್ಬು ಉರಿಸಿ, ಮೇಲೆ ತೂತು ಬಿಟ್ಟು, ಹಲವು ದಿನ ಬೆಚ್ಚಗಿಟ್ಟರು. ಬೆಂಕಿಯ ಹತ್ತಿರ ಇಟ್ಟರೆ ತಂತಿಯ ಮೇಲಿನ ವಾರ್ನಿಶು ಸುಡುತ್ತದೆ. ದಿನಾ ಮೆಗ್ಗರ್ ಹಚ್ಚಿ ನೋಡುತ್ತಿದ್ದರು. ಸುರುಳಿಗೂ ಮೈಗೂ ನಡುವಿನ ತಡೆ ಒಂದು ಮೆಗಾಓಮ್ ಮೀರಿ ನಿಲ್ಲುವ ತನಕ ಕರೆಂಟು ಕೊಡಲಿಲ್ಲ. ಐದು ಮೋಟರುಗಳಲ್ಲಿ ನಾಲ್ಕು ಬದುಕಿದವು. ಸತ್ತದ್ದು ನಾವು ಬಟನ್ ಒತ್ತಿದ್ದು ಒಂದೇ. ಮರದ ಸಾಮಾನನ್ನು ಮಾತ್ರ ಬಿಸಿಲಿಗೆ ಇಡಬೇಡಿರಿ, ನೆರಳಲ್ಲಿ ಗಾಳಿಗೆ ಒಣಗಲಿ ಅಂದರು. ಅವಸರ ಮಾಡಿದ ಒಬ್ಬ ಸದಸ್ಯರ ಬಡಿಗತನದ ಮೇಜು ಬಿಸಿಲಿಗೆ ಹೋಳಿಗೆಯಂತೆ ಬಾಗಿತು.

ಪರಿಹಾರದ ಪ್ರಸಂಗ ಚಿಕ್ಕದು. 2015ರಿಂದ 2020ರ ಅವಧಿಯ ಕೇಂದ್ರದ ನಿಯಮದಲ್ಲಿ ಕೈಕಸಬಿನ ಕುಶಲಕರ್ಮಿಗೆ ಹಾಳಾದ ಸಲಕರಣೆಗೆಂದು 4,100 ರೂಪಾಯಿ ಇತ್ತು, ಕಚ್ಚಾಮಾಲಿಗೆ ಮತ್ತೆ ಅಷ್ಟೇ. 2022ರಿಂದ ಅದು 5,000 ಆಯಿತು. ಈ ರೊಕ್ಕಕ್ಕೆ ಎಷ್ಟು ಸಾಮಾನು ಬರುತ್ತದೆಂದು ಅಂಗಡಿಗೆ ಹೋದವರಿಗೆ ಗೊತ್ತು. ಅದನ್ನು ಪಡೆಯಲಿಕ್ಕೂ ಏನೇನು ಇತ್ತು ಎಂಬ ಪಟ್ಟಿ ಬೇಕು. ಪಂಚನಾಮೆಗೆ ಬಂದವರು ಬಿದ್ದ ಗೋಡೆಯನ್ನು ನೋಡಬಲ್ಲರು, ತೇಲಿಹೋದ ಗರಗಸವನ್ನು ಹೇಗೆ ನೋಡುತ್ತಾರೆ? ನಮ್ಮ ಸದಸ್ಯರಲ್ಲಿ ಒಬ್ಬರಿಗೂ ಪಟ್ಟಿ ಇರಲಿಲ್ಲ. ಸಂಘಕ್ಕೆ ವಿಮೆಯಿಂದ ಒಂದು ಪೈಸೆ ಬರಲಿಲ್ಲ, ಅದು ನಮ್ಮ ನಗೆಯ ಬೆಲೆ. ಬಡಿಗತನ ಮಾಡುತ್ತಿದ್ದ ಇಬ್ಬರು ಯುವಕ ಸದಸ್ಯರು ಹೊಸ ಸಾಮಾನು ಕೊಳ್ಳಲಾರದೆ ಸೆಂಟ್ರಿಂಗ್ ಕೂಲಿಗೆ ಹೋದರು. ಒಬ್ಬರು ತಿರುಗಿ ಬಂದಿದ್ದಾರೆ. ಇನ್ನೊಬ್ಬರು ಈಗಲೂ ಕೂಲಿಯೇ.

ನಮ್ಮಂಥ ಹಳ್ಳಿಯವರಿಗೆ ಮಾತ್ರ ಹೀಗೆ ಎಂದು ತಿಳಿಯಬೇಡಿರಿ. 2015ರ ಡಿಸೆಂಬರಿನಲ್ಲಿ ಚೆನ್ನೈಯ ಅಂಬತ್ತೂರು, ಗಿಂಡಿಯ ಸಣ್ಣ ಕಾರಖಾನೆಗಳೂ ನೀರಲ್ಲಿ ನಿಂತಿದ್ದವು. 2011ರಲ್ಲಿ ಥೈಲ್ಯಾಂಡ್ ದೇಶದ ದೊಡ್ಡ ಕೈಗಾರಿಕಾ ವಸಾಹತುಗಳು ವಾರಗಟ್ಟಲೆ ಮುಳುಗಿ ಲೋಕಕ್ಕೆಲ್ಲ ಕಂಪ್ಯೂಟರಿನ ಭಾಗಗಳು ತುಟ್ಟಿಯಾದವು.

2020ರ ಸರ್ವಸಾಧಾರಣ ಸಭೆಯಲ್ಲಿ ಕಟ್ಟೆಯ ಠರಾವು ಬಂದಾಗ ಜಗಳವೇ ಆಯಿತು. ಮೂರು ಅಡಿ ಎತ್ತರದ ಕಟ್ಟೆಗೆ ಆಗುವ ಖರ್ಚಿನಲ್ಲಿ ಡಿವಿಡೆಂಡ್ ಹಂಚಬಹುದಲ್ಲ ಎಂಬುದು ಕೆಲವರ ವಾದ. ಅವರದೂ ತಪ್ಪಲ್ಲ, ಮಹಾಪೂರ ದಿನಾ ಬರುವುದಿಲ್ಲ. ಕೊನೆಗೆ ಗೋಡೆಯ ಗುರುತಿಗಿಂತ ಮುಕ್ಕಾಲು ಅಡಿ ಮೇಲೆ ಎಂದು ಒಪ್ಪಿಗೆಯಾಗಿ, ಮೋಟರು, ವೆಲ್ಡಿಂಗ್, ಡ್ರಿಲ್ಲಿಂಗ್ ಎಲ್ಲ ಕಟ್ಟೆಯ ಮೇಲೆ ಹೋದವು. ಸ್ವಿಚ್ ಬೋರ್ಡು ಐದು ಅಡಿಗೆ ಏರಿತು. ಗೋಡೆಯಲ್ಲಿ ಕಬ್ಬಿಣದ ಆಂಗಲ್ ಹಾಕಿ ಹಲಗೆ ಇಟ್ಟು ಅಟ್ಟ ಮಾಡಿದೆವು. ಹೊಲಿಗೆ ಯಂತ್ರದ ತಲೆಗಳು, ಗ್ರೈಂಡರು, ಸ್ಪ್ರೇಯರುಗಳು ಜೂನ್ ಮೊದಲ ವಾರ, ಮಿರಗ ಕೂಡುವ ಮೊದಲು ಮೇಲೆ ಹೋಗುತ್ತವೆ. ಬೇಕಾದಾಗ ಇಳಿಸಿ, ಸಂಜೆ ಮತ್ತೆ ಏರಿಸಬೇಕು. 2009ನ್ನು ನೆನೆದು, ಖಂಡೇಪೂಜೆ ಆದರೂ ದೀಪಾವಳಿಯ ತನಕ ಕೆಳಗೆ ಬಿಡುವುದಿಲ್ಲ. ಪ್ರತಿ ಸಾಮಾನಿನ ನಂಬರು, ಕೊಂಡ ದಿನ, ಫೋಟೋ ಒಂದು ವಹಿಯಲ್ಲಿ ಇದೆ. ಆ ವಹಿ ಶೆಡ್ಡಿನಲ್ಲಿ ಇಲ್ಲ, ಆಫೀಸಿನ ತಿಜೋರಿಯಲ್ಲಿದೆ. ಕುಶಲಕರ್ಮಿ ಸದಸ್ಯರು ತಮ್ಮ ಮನೆಯ ಸಾಮಾನಿನ ಪಟ್ಟಿಯನ್ನೂ ಅದರಲ್ಲಿ ಬರೆಸಬಹುದು, ಇದುವರೆಗೆ ಬರೆಸಿದವರು ಬಹಳ ಕಡಿಮೆ. ವಿಮೆ ಈಗ ಪ್ರವಾಹ ಸೇರಿಸಿಯೇ ಇದೆ. ಆ ಸಭೆಯಲ್ಲಿ ನಾವು ಬಾಯಿ ತೆರೆಯಲಿಲ್ಲ.

ಕಟ್ಟೆಗೆ ಏರದೆ ಉಳಿದದ್ದು ರಾಶಿಯಂತ್ರ ಒಂದು. ಅದರ ಭಾರಕ್ಕೆ ಬೇಕಾದ ಇಳಿಜಾರು ಕಟ್ಟಲು ಜಾಗ ಸಾಲದು. ಆದ್ದರಿಂದ ಮಳೆ ಹಿಡಿದಾಗ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಗುಡಿಯ ಹಿಂದಿನ ದಿಬ್ಬಕ್ಕೆ ಎಳೆದು, ಗಾಲಿಗೆ ಕಲ್ಲು ಕೊಟ್ಟು, ತಾಡಪತ್ರಿ ಹೊದಿಸಿ ನಿಲ್ಲಿಸುತ್ತೇವೆ. ಹಿಂದೆ ಆ ದಿಬ್ಬದಲ್ಲಿ ಊರ ಹಗೇವುಗಳಿದ್ದವಂತೆ. ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಒಂದು, ನಮ್ಮ ಮನೆಯಲ್ಲಿ ಒಂದು ಇದೆ. ರಾತ್ರಿ ಮಳೆ ಜೋರಾದರೆ ಯಾವ ಸದಸ್ಯರಾದರೂ ಹೊತ್ತು ನೋಡದೆ ಬಂದು ಬಾಗಿಲು ಬಡಿಯಬಹುದು.